ಕಣ್ಣಿಗಲ್ಲ, ಕಿವಿಗೆ ಕೇಳಿ

ಇಂಗ್ಲಿಷ್ ಪರೀಕ್ಷೆಯಲ್ಲಿ ಮಗು ‘ಎ ಎಗ್’ ಎಂದು ಬರೆದು ಅಂಕ ಕಳೆದುಕೊಂಡರೆ ಕನ್ನಡ ಮಾಧ್ಯಮವನ್ನು ದೂರಬೇಡಿ. ತಾಳವಾಡಿ ಕಡೆ ನಾವು ‘ಎಲೆ’ಯನ್ನು ‘ಯೆಲೆ’ ಎನ್ನುತ್ತೇವೆ. ತಮಿಳಿನಲ್ಲೂ ಈ ರೂಢಿ ಉಂಟು. ಹಾಗೆಯೇ ‘ಎಗ್’ ಬಾಯಲ್ಲಿ ‘ಯೆಗ್’ ಆಗುತ್ತದೆ. ತಪ್ಪು ಹುಟ್ಟುವುದು ಅಲ್ಲಿ.

‘ಎ’ ಬೇಕೋ ‘ಆ್ಯನ್’ ಬೇಕೋ ಎಂಬುದನ್ನು ಮುಂದಿನ ಪದದ ಮೊದಲ ಅಕ್ಷರವಲ್ಲ, ಮೊದಲ ಧ್ವನಿ ತೀರ್ಮಾನಿಸುತ್ತದೆ. ಸ್ವರ ಕೇಳಿಸಿದರೆ ‘ಆ್ಯನ್’. ಗಂಟೆ ಎಂಬರ್ಥದ ‘ಅವರ್’ ಪದಕ್ಕೆ ಎಚ್ ಬರೆದರೂ ಕೇಳಿಸದು. ಆದ್ದರಿಂದ ‘ಆ್ಯನ್ ಅವರ್’. ‘ಯೂನಿವರ್ಸಿಟಿ’ ಯು ಅಕ್ಷರದಿಂದ ಶುರುವಾದರೂ ಕೇಳಿಸುವುದು ಯಕಾರ. ಅದಕ್ಕೆ ‘ಎ’ ಸಾಕು. ನಮ್ಮ ಎಂಎಲ್‌ಎಗೂ ‘ಆ್ಯನ್’ ಸಲ್ಲುತ್ತದೆ!

ಸ್ವರ, ವ್ಯಂಜನ ಬೇರ್ಪಡಿಸಿ ಕಲಿತ ಮಕ್ಕಳಿಗೆ ಇದು ಕಷ್ಟವಲ್ಲ. ನಿಯಮ ಬಾಯಿಪಾಠ ಮಾಡಿಸುವ ಮೊದಲು ‘ಎಗ್’, ‘ಎಲಿಫೆಂಟ್’ ಪದಗಳನ್ನು ಯಕಾರವಿಲ್ಲದೆ ಗಟ್ಟಿಯಾಗಿ ಹೇಳಿಸಿ.