ಅಂಗಳದ ನಾಲ್ಕು ಕೋಳಿಗೆ ಯಾವ ತಳಿ? ತಪ್ಪು ಕಲ್ಪನೆ ಮತ್ತು ಸತ್ಯ

ಮಕ್ಕಳಿಗೆ ಒಡನಾಡಿಯಾಗಲಿ, ಅಡುಗೆಮನೆಯ ಸೊಪ್ಪು ಸಿಪ್ಪೆ ಹಾಳಾಗದಿರಲಿ ಎಂದು ಮನೆಯ ಹಿಂದಿನ ತುಂಡು ಜಾಗದಲ್ಲಿ ಮೂರು ನಾಲ್ಕು ಕೋಳಿ ಸಾಕಲು ಹೊರಡುವವರು ಮೊದಲು ಕೇಳುವ ಪ್ರಶ್ನೆ: ಯಾವ ತಳಿ ಒಳ್ಳೆಯದು? ಉತ್ತರ ಎರಡು ಕಡೆಯಿಂದ ಬರುತ್ತದೆ. ಕೋಳಿ ಫಾರಂ ಬಲ್ಲವರು ವರ್ಷಕ್ಕೆ ಇಷ್ಟು ಮೊಟ್ಟೆ ಎಂದು ಲೆಕ್ಕ ಹೇಳುತ್ತಾರೆ. ಇಂಗ್ಲೆಂಡ್, ಅಮೆರಿಕದ ಹವ್ಯಾಸಿಗಳ ಪುಸ್ತಕ ಓದಿದವರು ಸಾಧು ತಳಿಗಳ ಪಟ್ಟಿ ಕೊಡುತ್ತಾರೆ. ಎರಡೂ ಸುಳ್ಳಲ್ಲ. ಆದರೆ ಕರ್ನಾಟಕದ ಬಿಸಿಲು ಮಳೆಯಲ್ಲಿ, ಚಿಕ್ಕ ಗೂಡಿನಲ್ಲಿ, ಮಕ್ಕಳ ನಡುವೆ ಒಂದು ಹಕ್ಕಿ ಐದಾರು ವರ್ಷ ನೆಮ್ಮದಿಯಾಗಿ ಬಾಳಬಲ್ಲುದೇ ಎಂಬುದಕ್ಕೆ ಅವುಗಳಲ್ಲಿ ಉತ್ತರ ಸಿಗುವುದಿಲ್ಲ. ಪ್ರತಿ ತಳಿಯನ್ನೂ ಯಾರೋ ಯಾವುದೋ ಕಾಲದಲ್ಲಿ ತಮ್ಮ ಅಗತ್ಯಕ್ಕೆ ತಕ್ಕಂತೆ ರೂಪಿಸಿದ್ದಾರೆ. ಆ ಅಗತ್ಯ ಏನಾಗಿತ್ತು, ನಮ್ಮದು ಏನು ಎಂದು ಹೋಲಿಸಿ ನೋಡದೆ ಹೆಸರು ನೋಡಿ ಕೊಂಡರೆ ಅದರ ಬೆಲೆ ತೆರುವುದು ಕೋಳಿ. ಬಾಯಿಂದ ಬಾಯಿಗೆ ಹರಡಿರುವ ಕೆಲವು ಕಲ್ಪನೆಗಳನ್ನು ಈ ಕಣ್ಣಿನಿಂದಲೇ ಪರೀಕ್ಷಿಸಬೇಕು.

ಕಲ್ಪನೆ 1: ಹೆಚ್ಚು ಮೊಟ್ಟೆ ಇಡುವ ತಳಿಯೇ ಒಳ್ಳೆಯ ತಳಿ

ಸಾಕುಕೋಳಿಯ ಮೂಲಪುರುಷ ಕೆಂಪು ಕಾಡುಕೋಳಿ ವರ್ಷಕ್ಕೆ ಇಡುವುದು ಹತ್ತು ಹದಿನೈದು ಮೊಟ್ಟೆ, ಅದೂ ಮರಿ ಮಾಡುವ ಕಾಲದಲ್ಲಿ ಮಾತ್ರ. ಇಂದಿನ ಫಾರಂಗಳ ಬಿಳಿ ಲೆಗ್‌ಹಾರ್ನ್ ವರ್ಷಕ್ಕೆ 300 ದಾಟುತ್ತದೆ. ಈ ಅಂತರ ಸುಮ್ಮನೆ ಬಂದದ್ದಲ್ಲ. ಒಂದು ಮೊಟ್ಟೆ ಹೊಟ್ಟೆಯೊಳಗೆ ರೂಪುಗೊಳ್ಳಲು ಸುಮಾರು 24ರಿಂದ 26 ಗಂಟೆ ಬೇಕು. ಅದರಲ್ಲಿ 20 ಗಂಟೆಯಷ್ಟು ಹೊತ್ತು ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಪ್ರತಿ ಚಿಪ್ಪಿಗೂ ಹತ್ತಿರ ಹತ್ತಿರ ಎರಡು ಗ್ರಾಂ ಕ್ಯಾಲ್ಸಿಯಂ ಬೇಕು. ಮೇವಿನಿಂದ ಸಾಲದಿದ್ದರೆ ಕೋಳಿ ಅದನ್ನು ತನ್ನ ಮೂಳೆಯಿಂದಲೇ ಕರಗಿಸಿ ಕೊಡುತ್ತದೆ. ಹಾಗಾಗಿ ಮೊಟ್ಟೆಗೆಂದೇ ಆಯ್ದ ತಳಿಗಳಲ್ಲಿ ಎದೆಮೂಳೆ ಮುರಿಯುವುದು, ಮೊಟ್ಟೆ ನಾಳ ಹೊರಜಾರುವುದು, ಅಂಡಾಶಯದಲ್ಲಿ ಗೆಡ್ಡೆ ಬೆಳೆಯುವುದು ಸಾಮಾನ್ಯ ತೊಂದರೆಗಳು. ಮನುಷ್ಯರ ಅಂಡಾಶಯದ ಕ್ಯಾನ್ಸರ್ ಕುರಿತ ಸಂಶೋಧನೆಗೆ ವಿಜ್ಞಾನಿಗಳು ಮೊಟ್ಟೆಕೋಳಿಯನ್ನು ಆರಿಸಿಕೊಂಡಿರುವುದೂ ಈ ಕಾರಣಕ್ಕೆ. ಒಂದೂವರೆ ವರ್ಷ ದುಡಿಸಿ ಮಾರುವ ಫಾರಂಗೆ ಈ ನಷ್ಟ ಲೆಕ್ಕಕ್ಕೆ ಬಾರದು. ಹೆಸರಿಟ್ಟು ಸಾಕುವ ಮನೆಗೆ ಅದು ದೊಡ್ಡ ಸಂಕಟ.

ಮೊಟ್ಟೆಯ ಆಸೆಯೇ ತಪ್ಪೇ ಎಂದು ಕೇಳಬಹುದು. ತಪ್ಪಲ್ಲ. ವರ್ಷಕ್ಕೆ 180 ಮೊಟ್ಟೆ ಇಡುವ ಮೂರು ಹ್ಯಾಟೆಗಳಿದ್ದರೆ ವಾರಕ್ಕೆ ಸರಾಸರಿ ಹತ್ತು ಮೊಟ್ಟೆ ಸಿಗುತ್ತದೆ. ಚಿಕ್ಕ ಸಂಸಾರಕ್ಕೆ ಇಷ್ಟು ಸಾಕು. ಎರಡನೆಯ ವರ್ಷದ ನಂತರ ಯಾವ ತಳಿಯಾದರೂ ಮೊಟ್ಟೆ ಇಳಿಯುತ್ತದೆ, ಆದರೆ ಕೋಳಿ ಐದರಿಂದ ಎಂಟು ವರ್ಷ ಬದುಕಬಲ್ಲುದು. ಮೊಟ್ಟೆ ನಿಂತ ಮೇಲೂ ಅದನ್ನು ಉಳಿಸಿಕೊಳ್ಳುತ್ತೇವೆಯೇ ಎಂಬುದನ್ನು ಮರಿ ತರುವ ಮೊದಲೇ ಮನೆಯವರೆಲ್ಲ ಕೂತು ತೀರ್ಮಾನಿಸಬೇಕು. ಮಗು ಎರಡು ವರ್ಷ ಎತ್ತಿ ಆಡಿಸಿದ ಕೋಳಿಯ ವಿಷಯದಲ್ಲಿ ಆ ತೀರ್ಮಾನವನ್ನು ಮುಂದಕ್ಕೆ ದೂಡುವುದು ಮಗುವಿಗೂ ಕೋಳಿಗೂ ಮಾಡುವ ಅನ್ಯಾಯ.

ಕಲ್ಪನೆ 2: ಪಟ್ಟಿಯಲ್ಲಿ ಸಾಧು ಎಂದಿರುವ ತಳಿ ಎಲ್ಲಿ ಸಾಕಿದರೂ ಸಾಧು

ವಿದೇಶಿ ಪಟ್ಟಿಗಳ ಮೊದಲ ಸಾಲಿನಲ್ಲಿ ಆರ್ಪಿಂಗ್ಟನ್, ಕೊಚಿನ್, ಬ್ರಹ್ಮ, ಸಿಲ್ಕಿ ಇರುತ್ತವೆ. ಇವು ಸೌಮ್ಯ ಸ್ವಭಾವದವು ಎಂಬುದು ನಿಜ. ಆರ್ಪಿಂಗ್ಟನ್ನನ್ನು 1886ರಲ್ಲಿ ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ವಿಲಿಯಂ ಕುಕ್ ರೂಪಿಸಿದ. ಮಾಂಸಕ್ಕೂ ಮೊಟ್ಟೆಗೂ ಆಗುವ, ಚಳಿಗಾಲವನ್ನು ತಡೆಯುವ, ದಟ್ಟ ಪುಕ್ಕದ ಭಾರಿ ಹಕ್ಕಿ ಅದು. ಆ ದಟ್ಟ ಪುಕ್ಕವೇ ನಮ್ಮಲ್ಲಿ ಅದಕ್ಕೆ ಶತ್ರು. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ. ಅದಕ್ಕೆ ಬೆವರು ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಡುವುದು, ರೆಕ್ಕೆ ಇಳಿಬಿಡುವುದು, ಜುಟ್ಟು ಮತ್ತು ಗಲ್ಲದ ಜೋಲಿನ ಮೂಲಕ ಶಾಖ ಹೊರಹಾಕುವುದು, ಇಷ್ಟೇ ಅದರ ಉಪಾಯ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ನೆರಳಿನ ತಾಪವೇ 40 ಮುಟ್ಟಿದಾಗ ಹೊರಗಿನ ಗಾಳಿಗೆ ಶಾಖ ಬಿಟ್ಟುಕೊಡುವ ದಾರಿ ಮುಚ್ಚಿಹೋಗುತ್ತದೆ. ಹೊದಿಕೆಯಂಥ ಪುಕ್ಕದ ಭಾರಿ ಕೋಳಿ ಆಗ ಒಂದೇ ಮಧ್ಯಾಹ್ನದಲ್ಲಿ ಸಾಯಬಹುದು.

ಸಿಲ್ಕಿಯ ಕಷ್ಟ ಬೇರೆ ಬಗೆಯದು. ಅದರ ಗರಿಯ ಎಳೆಗಳನ್ನು ಒಂದಕ್ಕೊಂದು ಹೆಣೆಯುವ ಸಣ್ಣ ಕೊಕ್ಕೆಗಳಿಲ್ಲ. ಅದಕ್ಕೇ ಅದು ರೇಷ್ಮೆಯಂತೆ ಕಾಣುವುದು. ಅದೇ ಕಾರಣಕ್ಕೆ ಆ ಗರಿ ನೀರನ್ನು ತಡೆಯುವುದಿಲ್ಲ, ಹಕ್ಕಿ ಹಾರಲಾರದು. ಆಗುಂಬೆ, ಮಡಿಕೇರಿ, ಮಂಗಳೂರಿನ ಜಡಿಮಳೆಯಲ್ಲಿ ನೆನೆದ ಸಿಲ್ಕಿ ನಡುಗಿ ಕಾಯಿಲೆ ಬೀಳುತ್ತದೆ. ತಲೆಯ ಮೇಲಿನ ಪುಕ್ಕದ ಗುಚ್ಛ ಕಣ್ಣಿಗೆ ಅಡ್ಡ ಬರುವುದರಿಂದ ಗಿಡುಗ, ಮುಂಗುಸಿ ಹತ್ತಿರ ಬಂದದ್ದೂ ಅದಕ್ಕೆ ಕಾಣದು. ಹಾಗೆಂದು ಸಿಲ್ಕಿ ಸಾಕಲೇಬಾರದೆಂದಲ್ಲ. ಬೆಂಗಳೂರು, ಮೈಸೂರಿನಂಥ ಹದವಾದ ಹವೆಯಲ್ಲಿ, ಪೂರ್ತಿ ಮಾಡಿನ ಕೆಳಗಿನ ಒಣ ಜಾಗದಲ್ಲಿ ಅದು ಮಕ್ಕಳಿಗೆ ಒಳ್ಳೆಯ ಜೊತೆ. ಸೌಮ್ಯತೆ ಮೊದಲ ಪ್ರಶ್ನೆ ಅಲ್ಲ, ಬಿಸಿಲು ಮಳೆಯನ್ನು ಆ ಮೈ ತಡೆಯುವುದೇ ಎಂಬುದು ಮೊದಲ ಪ್ರಶ್ನೆ. ತಾಪ ತಡೆಯದೆ ನರಳುವ ಕೋಳಿಯ ಮೌನವನ್ನು ಸಾಧುತನವೆಂದು ತಿಳಿಯುವ ಅಪಾಯ ಯಾವಾಗಲೂ ಇದೆ. ಸೆಕೆಯ ಊರಿಗೆ ಮೈಗಂಟಿದ ಪುಕ್ಕ, ದೊಡ್ಡ ಜುಟ್ಟು, ಬೋಳು ಕಾಲು ಇರುವ ತಳಿ ಮೇಲು. ಹಳ್ಳಿಗಳಲ್ಲಿ ಕಾಣುವ ಬೋಳುಕತ್ತಿನ ಕೋಳಿಯನ್ನು ರೋಗ ಬಡಿದದ್ದೆಂದು ಹಲವರು ದೂರವಿಡುತ್ತಾರೆ. ಅದು ಒಂದು ವಂಶವಾಹಿಯ ಗುಣ. ಮೈಮೇಲಿನ ಪುಕ್ಕವನ್ನೂ ಕಡಿಮೆ ಮಾಡಿ ಸೆಕೆಯನ್ನು ಸಹಿಸಲು ನೆರವಾಗುತ್ತದೆ.

ಕಲ್ಪನೆ 3: ಜಗಳ, ಸ್ನೇಹ ಎಲ್ಲ ತಳಿಯಲ್ಲೇ ಬರೆದಿರುತ್ತದೆ

ಅಸೀಲ್ ಹೆಸರು ಕೇಳಿದೊಡನೆ ಕೋಳಿ ಅಂಕ ನೆನಪಾಗಿ, ಮನೆಗೆ ಬೇಡ ಎನ್ನುವವರೇ ಹೆಚ್ಚು. ತೀರ್ಮಾನ ಸರಿಯೇ, ಕಾರಣ ಮಾತ್ರ ತಪ್ಪು. ತಲೆತಲಾಂತರದಿಂದ ಕಾದಾಟಕ್ಕೆ ಆಯ್ದ ಈ ಹಕ್ಕಿ ಮನುಷ್ಯರ ಕೈಯಲ್ಲಿ ಸಾಮಾನ್ಯವಾಗಿ ಶಾಂತವಾಗಿರುತ್ತದೆ, ಏಕೆಂದರೆ ಅಂಕದವರು ಅದನ್ನು ದಿನವೂ ಎತ್ತಿ, ನೀವಿ, ಪಳಗಿಸುತ್ತ ಬಂದರು. ಅದರ ಸಿಟ್ಟು ಇತರ ಕೋಳಿಗಳ ಮೇಲೆ. ಹ್ಯಾಟೆಗಳೂ ಎಳವೆಯಲ್ಲೇ ಒಂದನ್ನೊಂದು ಗಾಯಗೊಳಿಸುತ್ತವೆ. ಓಡಿ ತಪ್ಪಿಸಿಕೊಳ್ಳಲು ಜಾಗವಿಲ್ಲದ ಚಿಕ್ಕ ಗೂಡಿನಲ್ಲಿ ಅದು ಸಾವಿಗೂ ದಾರಿ. ಒಂದೇ ಹಕ್ಕಿಯಲ್ಲಿ ಜನರೊಡನೆ ಸ್ನೇಹ, ಜಾತಿಯವರೊಡನೆ ಜಗಳ ಎರಡೂ ಇರಬಹುದೆಂದ ಮೇಲೆ ತಳಿಗೆ ಒಳ್ಳೆಯದು, ಕೆಟ್ಟದು ಎಂಬ ಒಂದೇ ಚೀಟಿ ಅಂಟಿಸುವುದರಲ್ಲಿ ಅರ್ಥವಿಲ್ಲ.

ನಾರ್ವೆಯ ತೋರ್ಲೈಫ್ ಶೆಲ್ಡೆರುಪ್ ಎಬ್ಬೆ 1921ರಲ್ಲಿ ಕೋಳಿಗಳ ಕುಕ್ಕುವ ಶ್ರೇಣಿಯನ್ನು ವಿವರಿಸಿದ: ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಮೇಲುಕೀಳು ಇರುತ್ತದೆ, ಪ್ರತಿ ಕೋಳಿಯೂ ಇತರರನ್ನು ಗುರುತಿಟ್ಟುಕೊಂಡಿರುತ್ತದೆ. ಆ ಶ್ರೇಣಿ ನೆಲೆಗೊಂಡರೆ ಜಗಳ ಕಡಿಮೆ. ಹೊಸಬರು ಬಂದರೆ ಅಥವಾ ಜಾಗ ಇಕ್ಕಟ್ಟಾದರೆ ಮತ್ತೆ ಶುರು. ರೂಢಿಯ ಲೆಕ್ಕದಂತೆ ಗೂಡಿನೊಳಗೆ ಕೋಳಿಯೊಂದಕ್ಕೆ ನಾಲ್ಕು ಚದರ ಅಡಿ, ಓಡಾಡುವ ಅಂಗಳದಲ್ಲಿ ಹತ್ತು ಚದರ ಅಡಿ ಬೇಕು. ಅರ್ಧ ಜಾಗಕ್ಕೆ ತುಂಬಿದ ಸಾಧು ತಳಿಗಿಂತ ಈ ಲೆಕ್ಕದಲ್ಲಿ ಬೆಳೆದ ಸಾಮಾನ್ಯ ತಳಿ ಶಾಂತವಾಗಿರುತ್ತದೆ. ಮೇಲಿನಿಂದ ಇಳಿಯುವ ಕೈ ಕೋಳಿಯ ಕಣ್ಣಿಗೆ ಹದ್ದಿನಂತೆಯೇ. ಮಕ್ಕಳು ಕುಳಿತು, ಪಕ್ಕದಿಂದ, ಅಂಗೈಯಲ್ಲಿ ಕಾಳಿಟ್ಟು ಕರೆಯುವುದನ್ನು ಕಲಿತರೆ, ಎಳೆಯ ವಾರಗಳಲ್ಲೇ ದಿನವೂ ಹೀಗೆ ಮುಟ್ಟಿಸಿಕೊಂಡ ಮರಿ ದೊಡ್ಡದಾದ ಮೇಲೂ ಹೆದರದು. ಹಾಗಾದರೆ ತಳಿಗೆ ಏನೂ ಬೆಲೆಯಿಲ್ಲವೇ? ಇದೆ. ಲೆಗ್‌ಹಾರ್ನ್ ಬೆಚ್ಚಿಬೀಳುವ ಹಕ್ಕಿ, ರೋಡ್ ಐಲ್ಯಾಂಡ್ ರೆಡ್ ಅದಕ್ಕಿಂತ ಸಮಾಧಾನಿ. ಆದರೆ ತಳಿ ಗುಣದ ಎಲ್ಲೆಯನ್ನಷ್ಟೇ ಗೆರೆ ಹಾಕುತ್ತದೆ. ಆ ಎಲ್ಲೆಯೊಳಗೆ ಕೋಳಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಜಾಗ ಮತ್ತು ಸಾಕುವ ಕೈ ನಿರ್ಧರಿಸುತ್ತವೆ.

ಕಲ್ಪನೆ 4: ನಾಟಿಗೆ ರೋಗವಿಲ್ಲ, ಕಪ್ಪು ಕೋಳಿಗೆ ಕಪ್ಪು ಮೊಟ್ಟೆ, ಕಂದು ಮೊಟ್ಟೆಗೆ ಹೆಚ್ಚು ಸತ್ವ

ನಾಟಿ ಅಥವಾ ಜವಾರಿ ಎಂಬುದು ಒಂದು ತಳಿಯಲ್ಲ. ಊರೂರಿನಲ್ಲಿ ಬೆರೆತು ಬೆಳೆದ ಹಲವು ಬಗೆಯ ಕೋಳಿಗಳ ಒಟ್ಟು ಹೆಸರು. ಅವು ಚುರುಕು, ತಾವೇ ಕೆದಕಿ ತಿನ್ನಬಲ್ಲವು, ಕಾವು ಕೂತು ಮರಿ ಎಬ್ಬಿಸಬಲ್ಲವು. ಆದರೆ ರೋಗ ತಟ್ಟದು ಎಂಬುದು ಅಪಾಯಕಾರಿ ನಂಬಿಕೆ. 1920ರ ದಶಕದಲ್ಲಿ ಉತ್ತರಾಖಂಡದ ರಾಣಿಖೇತ್‌ನಲ್ಲಿ ಕಂಡು ಆ ಊರಿನ ಹೆಸರನ್ನೇ ಹೊತ್ತ, ನಮ್ಮಲ್ಲಿ ಕೊಕ್ಕರೆ ರೋಗ ಎನಿಸಿಕೊಳ್ಳುವ ವೈರಸ್ ಜಾಡ್ಯ ಹಳ್ಳಿಯ ಹಿಂಡುಗಳನ್ನು ಗುಡಿಸಿಹಾಕುವುದನ್ನು ಹಿತ್ತಲಿನವರೆಲ್ಲ ಬಲ್ಲರು. ಅದಕ್ಕೆ ಮದ್ದಿಲ್ಲ, ಲಸಿಕೆ ಇದೆ. ಮರಿಗೆ ಮೊದಲ ವಾರದಲ್ಲೇ ಶುರುವಾಗಿ ಮುಂದೆ ಕಾಲಕಾಲಕ್ಕೆ ಕೊಡಬೇಕು. ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ದಿನ ಗೊತ್ತುಮಾಡಿಕೊಳ್ಳಬೇಕು. ನಾಲ್ಕೇ ಕೋಳಿ, ಯಾಕೆ ಬೇಕು ಎನ್ನುವುದಕ್ಕೆ ಆಧಾರವಿಲ್ಲ. ಪಕ್ಕದ ಬೀದಿಯಿಂದ ಬಂದ ಕಾಗೆಯ ಕಾಲಿನಲ್ಲೋ ಚಪ್ಪಲಿಯ ಮಣ್ಣಿನಲ್ಲೋ ಆ ರೋಗ ಗೂಡು ಸೇರಬಲ್ಲುದು.

ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್‌ಗೆ 2018ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕ ಮೇಲೆ ಅದರ ಸುತ್ತ ಕಥೆಗಳು ಬೆಳೆದಿವೆ. ಅದರ ಚರ್ಮ, ಮಾಂಸ, ಮೂಳೆಪೊರೆ ಕಪ್ಪಾಗಿರುವುದು ಬಣ್ಣದ ಕಣಗಳನ್ನು ಮೈಯೆಲ್ಲ ಹರಡುವ ಒಂದು ವಂಶವಾಹಿ ಬದಲಾವಣೆಯಿಂದ; ಸಿಲ್ಕಿಯಲ್ಲೂ ಅದೇ ಬದಲಾವಣೆ ಇದೆ. ಅದು ಇಡುವ ಮೊಟ್ಟೆ ಮಾತ್ರ ತಿಳಿ ಕಂದು ಅಥವಾ ಕೆನೆ ಬಣ್ಣದ್ದು. ಚಿಪ್ಪಿನ ಬಣ್ಣ ಕೊನೆಯ ಕೆಲವು ಗಂಟೆಗಳಲ್ಲಿ ಬಳಿಯುವ ವರ್ಣದ್ರವ್ಯ, ತಳಿಯ ಗುರುತು ಅಷ್ಟೆ. ಒಳಗಿನ ಸತ್ವವನ್ನು ತೀರ್ಮಾನಿಸುವುದು ಮೇವು. ಸೊಪ್ಪು, ಹುಳು ತಿಂದ ಕೋಳಿಯ ಹಳದಿ ಗಾಢವಾಗುವುದೂ ಮೇವಿನಿಂದಲೇ. ಬಣ್ಣದ ಮೋಹಕ್ಕೆ ಕಡಕ್‌ನಾಥ್ ತರುವವರು, ಅದು ಕಡಿಮೆ ಮೊಟ್ಟೆ ಇಡುವ, ಚುರುಕಾಗಿ ಹಾರುವ, ಎತ್ತಿಕೊಳ್ಳಲು ಸುಲಭವಾಗಿ ಒಗ್ಗದ ಹಕ್ಕಿ ಎಂದು ತಿಳಿದಿರಬೇಕು.

ಕಲ್ಪನೆ 5: ಹುಂಜವಿಲ್ಲದೆ ಮೊಟ್ಟೆಯಿಲ್ಲ, ಮರಿ ಎಲ್ಲಿಂದ ತಂದರೂ ಒಂದೇ

ಹುಂಜ ಬೇಕಾಗುವುದು ಮೊಟ್ಟೆ ಮರಿಯಾಗಬೇಕಿದ್ದರೆ ಮಾತ್ರ. ಹ್ಯಾಟೆ ಹುಂಜವಿಲ್ಲದೆಯೂ ಅಷ್ಟೇ ಮೊಟ್ಟೆ ಇಡುತ್ತದೆ. ಒತ್ತಾಗಿ ಮನೆಗಳಿರುವ ಬಡಾವಣೆಯಲ್ಲಿ ನಸುಕಿನ ಕೂಗಿನಿಂದ ನೆರೆಹೊರೆಯವರ ವಿರಸ ಕಟ್ಟಿಕೊಳ್ಳಬೇಕಾಗಿಲ್ಲ. ಆದರೆ ಒಂದು ದಿನದ ಮರಿಗಳನ್ನು ಲಿಂಗ ನೋಡದೆ ತಂದರೆ ಹೆಚ್ಚುಕಡಿಮೆ ಅರ್ಧ ಹುಂಜಗಳೇ ಆಗುತ್ತವೆ. ಮಕ್ಕಳು ಹೆಸರಿಟ್ಟ ಮೇಲೆ ಅವನ್ನು ಏನು ಮಾಡುವುದೆಂಬ ಪ್ರಶ್ನೆ ಏಳುತ್ತದೆ. ಲಿಂಗ ತಿಳಿಯುವಷ್ಟು ಬೆಳೆದ, ಲಸಿಕೆ ಪಡೆದ ಎರಡು ಮೂರು ತಿಂಗಳ ಹ್ಯಾಟೆಗಳನ್ನು ತರುವುದು ಒಳಿತು. ಒಂಟಿ ಕೋಳಿ ಮಾತ್ರ ಬೇಡ. ಹಿಂಡಿನ ಜೀವಕ್ಕೆ ಕನಿಷ್ಠ ಮೂರು ಇರಬೇಕು.

ಜಾತ್ರೆ, ಸಂತೆಯಲ್ಲಿ ಹಸಿರು ಗುಲಾಬಿ ಬಣ್ಣ ಬಳಿದು ಮಾರುವ ಮರಿಗಳ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳಬೇಕು. ಅವು ಬಹುಪಾಲು ಮೊಟ್ಟೆ ತಳಿಯ ಬೇಡವಾದ ಗಂಡುಮರಿಗಳು ಅಥವಾ ಬ್ರಾಯ್ಲರ್ ಮರಿಗಳು. ಬ್ರಾಯ್ಲರ್ ಆರು ವಾರದಲ್ಲಿ ಎರಡು ಕಿಲೋ ದಾಟುವಂತೆ ರೂಪಿಸಿದ ಹಕ್ಕಿ. ಅದರ ಕಾಲು ಮತ್ತು ಹೃದಯ ಆ ವೇಗಕ್ಕೆ ಸಾಟಿಯಾಗವು. ಸಾಕಲು ಹೊರಟ ಮಗುವಿನ ಕಣ್ಣೆದುರೇ ಅದು ಕುಂಟಿ ಬೀಳುತ್ತದೆ. ಕನಿಕರದಿಂದ ಕೊಂಡರೂ ಆ ವ್ಯಾಪಾರಕ್ಕೆ ನೀರೆರೆದಂತೆ. ಜೊತೆಗೆ ಕೋಳಿಯ ಕರುಳಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಯಾವ ಮರಿಯನ್ನೇ ಮುಟ್ಟಿದರೂ ಸೋಪಿನಿಂದ ಕೈ ತೊಳೆಯುವುದು, ಮುತ್ತಿಡದಿರುವುದು ಮನೆಯ ನಿಯಮವಾಗಲಿ. ಐದು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು.

ಹಾಗಾದರೆ ಯಾವುದು?

ನಮ್ಮ ನೆಲದಲ್ಲೇ ಹಿತ್ತಲಿಗೆಂದು ರೂಪಿಸಿದ ತಳಿಗಳಿವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಹೊರತಂದ ಗಿರಿರಾಜ ಬಣ್ಣಬಣ್ಣದ ಪುಕ್ಕದ, ಗಟ್ಟಿ ಮೈಯ ಹಕ್ಕಿ. ವರ್ಷಕ್ಕೆ ಸುಮಾರು 130ರಿಂದ 150 ಮೊಟ್ಟೆ. ಹಿತ್ತಲಿಗೇ ಮಾಡಿದ ಮೇಲೆ ಅದೇ ಸರಿಯಲ್ಲವೇ ಎಂಬ ವಾದಕ್ಕೆ ಉತ್ತರ ಅದರ ಉದ್ದೇಶದಲ್ಲಿದೆ. ಹಳ್ಳಿಯ ಬಡ ಮನೆಗೆ ಮಾಂಸವೂ ಮೊಟ್ಟೆಯೂ ಸಿಗಲೆಂದು ಅದನ್ನು ಭಾರವಾಗಿ ಬೆಳೆಸಿದರು. ಆ ತೂಕದಿಂದ ಅದು ನಾಯಿ, ಬೆಕ್ಕಿನಿಂದ ಹಾರಿ ತಪ್ಪಿಸಿಕೊಳ್ಳಲಾರದು. ಚಿಕ್ಕ ಅಂಗಳದಲ್ಲಿ ಕೊಬ್ಬು ಕೂಡಿ ಕಾಲುನೋವಿಗೂ ಬೀಳಬಹುದು. 2005ರಲ್ಲಿ ಪಶುವೈದ್ಯ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಸ್ವರ್ಣಧಾರ ಗಿರಿರಾಜಕ್ಕಿಂತ ಹಗುರ, ಮೊಟ್ಟೆಯೂ ಹೆಚ್ಚು, ಸುಮಾರು 180. ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯ ಕಾವೇರಿಯೂ ಇದೇ ದಾರಿಯದು. ಇವು ಕಾವು ಕೂರುವುದು ತೀರಾ ಕಡಿಮೆ. ಮರಿ ಎಬ್ಬಿಸುವುದನ್ನು ಮಕ್ಕಳು ನೋಡಬೇಕೆಂದಿದ್ದರೆ ಒಂದು ನಾಟಿ ಹ್ಯಾಟೆ ಜೊತೆಗಿರಲಿ.

ರಾಜ್ಯದ ಹೆಚ್ಚಿನ ಊರುಗಳ ಸಣ್ಣ ಅಂಗಳಕ್ಕೆ ಮಧ್ಯಮ ತೂಕದ, ಮೈಗಂಟಿದ ಪುಕ್ಕದ, ಮಿತವಾಗಿ ಮೊಟ್ಟೆ ಇಡುವ ಸ್ವರ್ಣಧಾರ, ಕಾವೇರಿ ಅಥವಾ ಪಳಗಿದ ನಾಟಿ ಹ್ಯಾಟೆಗಳೇ ತಕ್ಕ ಆಯ್ಕೆ ಎಂದು ಈ ಎಲ್ಲ ಕಾರಣಗಳಿಂದ ನಾನು ಹೇಳುತ್ತೇನೆ. ರೇಷ್ಮೆ ಪುಕ್ಕದ ಸಿಲ್ಕಿಯ ಚೆಲುವಾಗಲಿ, ಕಡಕ್‌ನಾಥ್‌ನ ಅಪರೂಪವಾಗಲಿ ಇವುಗಳಲ್ಲಿ ಇಲ್ಲದಿರಬಹುದು. ಆದರೆ ನಮ್ಮ ಬೇಸಿಗೆಯಲ್ಲಿ ಉಸಿರಾಡುತ್ತ, ನಮ್ಮ ಮಳೆಯಲ್ಲಿ ಒಣಗಿಕೊಳ್ಳುತ್ತ, ಮೂಳೆ ಸವೆಯದೆ ವರ್ಷಗಟ್ಟಲೆ ಬದುಕುವುದು ಇವಕ್ಕೆ ಸಾಧ್ಯ. ಮರಿ ಮಾರುವವರ ಬಳಿ ತಳಿಯ ಹೆಸರಿನ ಜೊತೆಗೆ ಬೆಳೆದಾಗಿನ ತೂಕ, ವರ್ಷದ ಮೊಟ್ಟೆ, ಕೊಟ್ಟ ಲಸಿಕೆ, ಹ್ಯಾಟೆಯೋ ಹುಂಜವೋ ಎಂಬ ನಾಲ್ಕನ್ನೂ ಕೇಳಿ. ಉತ್ತರ ಹೇಳಲಾಗದವರಿಂದ ಎಷ್ಟೇ ಚೆಂದದ ಮರಿಯನ್ನಾದರೂ ತರಬೇಡಿ. ಗೂಡು ಕಟ್ಟಿ, ಮುಂಗುಸಿ ನುಗ್ಗದಂತೆ ಗಟ್ಟಿ ಜಾಲರಿ ಬಿಗಿದು, ನೆರಳು ನೀರು ಸಿದ್ಧಮಾಡಿ, ಆಮೇಲೆ ತಳಿಯ ಮಾತೆತ್ತಿದರೆ ಆಯ್ಕೆ ತಪ್ಪುವ ಸಂಭವ ಬಹಳ ಕಡಿಮೆ.