ಬೆಂಚ್‌ಮಾರ್ಕಿನ ಅಂಕಗಳು

ಯಾವ ಸ್ಮಾರ್ಟ್‌ಫೋನು ಕೊಟ್ಟ ಹಣಕ್ಕೆ ತಕ್ಕುದು ಎಂದು ವಾದಿಸುವ ತರುಣರು ಕೊನೆಗೆ ಆಶ್ರಯಿಸುವುದು ಬೆಂಚ್‌ಮಾರ್ಕ್ ಅಂಕವನ್ನು. ಫೋನಿಗೆ ಕಠಿಣ ಲೆಕ್ಕಗಳನ್ನೊಡ್ಡಿ, ಅವನ್ನು ಅದು ಎಷ್ಟು ಶೀಘ್ರವಾಗಿ ಮುಗಿಸಿತೆಂದು ಅಳೆದು ಕೊಡುವ ಸಂಖ್ಯೆಯಿದು. ಜಾಹೀರಾತುಗಳೂ ಇದನ್ನೇ ಸಾರುತ್ತವೆ.

ಪರೀಕ್ಷೆಯೆಂದ ಮೇಲೆ ನಕಲಿಗೂ ಅವಕಾಶವುಂಟಷ್ಟೆ! 2013ರಲ್ಲಿ ಆನಂದ್‌ಟೆಕ್ ಎಂಬ ತಾಂತ್ರಿಕ ಪತ್ರಿಕೆಯು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4ರ ಒಂದು ಮಾದರಿಯನ್ನು ಶೋಧಿಸಿತು. ಕೆಲವು ನಿಗದಿತ ಬೆಂಚ್‌ಮಾರ್ಕುಗಳು ನಡೆಯುವಾಗ ಅದರ ಚಿತ್ರ ಮೂಡಿಸುವ ಚಿಪ್ಪು 533 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತಿತ್ತು. ಆಟಗಳಿಗೆ ದೊರೆಯುತ್ತಿದ್ದುದು 480 ಮಾತ್ರ. ಇನ್‌ಸ್ಪೆಕ್ಟರು ಬರುವ ದಿನವಷ್ಟೇ ಪಾಠಪಟ್ಟಿಗಳನ್ನು ಗೋಡೆಗೆ ತೂಗುಹಾಕುವ ಶಾಲೆಗಳನ್ನು ನಾವು ಕಂಡಿಲ್ಲವೆ?

2021ರಲ್ಲಿ ಒನ್‌ಪ್ಲಸ್ 9 ಪ್ರೊ ಫೋನಿನಲ್ಲಿ ಕಂಡುದು ಇದರ ಮಗ್ಗುಲು. ಅಲ್ಲಿ ಕ್ರೋಮ್ ಮೊದಲಾದ ಜನಪ್ರಿಯ ಆ್ಯಪುಗಳ ವೇಗವನ್ನು ತಗ್ಗಿಸಿ, ಬೆಂಚ್‌ಮಾರ್ಕುಗಳನ್ನು ಮಾತ್ರ ಮುಟ್ಟದೆ ಬಿಡಲಾಗಿತ್ತು. ಗೀಕ್‌ಬೆಂಚ್‌ನವರು ಅದನ್ನು ತಮ್ಮ ಪಟ್ಟಿಯಿಂದ ತೆಗೆದುಹಾಕಿದರು. ಬ್ಯಾಟರಿಯ ಉಳಿತಾಯಕ್ಕಾಗಿ, ಕಾವು ತಗ್ಗಿಸುವುದಕ್ಕಾಗಿ ಹಾಗೆ ಮಾಡಿದೆವೆಂದು ಸಂಸ್ಥೆ ಸಮಾಧಾನ ಹೇಳಿತು. ಮಾತು ನಿರಾಧಾರವಲ್ಲ, ವೇಗ ಏರಿದಂತೆ ವಿದ್ಯುತ್ತಿನ ವೆಚ್ಚವೂ ಕಾವೂ ಏರುವುವು, ಅಂಗೈಯಗಲದ ಫೋನಿನಿಂದ ಆ ಕಾವು ಬೇಗನೆ ಹೊರಹೋಗದು. ಆದರೆ ವೇಗಕ್ಕೆಂದೇ ಹಣ ತೆತ್ತವನಿಗೆ ಇದನ್ನು ಮೊದಲೇ ತಿಳಿಸಬೇಕಾಗಿತ್ತು.

ಆದುದರಿಂದ ಮಕ್ಕಳ ಒತ್ತಾಯಕ್ಕೆ ಅಂಗಡಿಯ ಮೆಟ್ಟಲೇರುವ ರಕ್ಷಕರು ಅಂಕವನ್ನು ಕೇಳುವುದಕ್ಕಿಂತ, ಅರ್ಧ ಗಂಟೆ ಸತತವಾಗಿ ದುಡಿದ ಮೇಲೆ ಆ ವೇಗ ಎಷ್ಟು ಉಳಿಯುವುದೆಂದೂ, ಭದ್ರತೆಯ ತಿದ್ದುಪಡಿಗಳು ಎಷ್ಟು ವರ್ಷ ಬರುವುವೆಂದೂ ಕೇಳತಕ್ಕದ್ದು. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8 ಫೋನಿಗೆ 7 ವರ್ಷಗಳ ವಾಗ್ದಾನವಿತ್ತಿತು. ಅಗ್ಗದ ಫೋನುಗಳಲ್ಲಿ ಹಲವಕ್ಕೆ ಅಷ್ಟು ಆಯುಸ್ಸಿಲ್ಲ.