ಹದಿನಾರು ಗಂಟೆ ಉಪವಾಸ: ಮಕ್ಕಳಿಗೆ ಏಕೆ ಬೇಡ?

ನಮ್ಮ ಸೆಟ್ಟೂರು, ಕಲ್ಯಾಣದುರ್ಗದ ಕಡೆ ಉಪವಾಸ ಹೊಸದಲ್ಲ. ಶನಿವಾರ ಒಪ್ಪತ್ತು ಇರುವವರು, ಶಿವರಾತ್ರಿಗೆ ಉಪವಾಸ ಮಾಡುವವರು, ರಂಜಾನ್‌ನಲ್ಲಿ ರೋಜಾ ಇರುವವರು ನಮ್ಮ ನಡುವೆಯೇ ಇದ್ದಾರೆ. ಈಗ ಮೊಬೈಲ್‌ನಲ್ಲಿ ಬರುತ್ತಿರುವುದು ಬೇರೆ. ಅದರ ಹೆಸರು ‘ಇಂಟರ್‌ಮಿಟೆಂಟ್ ಫಾಸ್ಟಿಂಗ್’. ದಿನಕ್ಕೆ 16 ಗಂಟೆ ಏನೂ ತಿನ್ನದೆ, ಉಳಿದ 8 ಗಂಟೆಯೊಳಗೆ ಊಟ ಮುಗಿಸುವ ಕ್ರಮ ಅದರಲ್ಲಿ ಹೆಚ್ಚು ಪ್ರಚಾರದಲ್ಲಿದೆ. ತೂಕ ಇಳಿಯುತ್ತೆ ಅಂತ ಕೇಳಿದ ಹೈಸ್ಕೂಲು ಮಕ್ಕಳೂ ತಿಂಡಿ ಬಿಡಬಹುದು. ಆದ್ದರಿಂದ ಇದರ ಇನ್ನೊಂದು ಮುಖ ಶಿಕ್ಷಕರಿಗೆ ಗೊತ್ತಿರಬೇಕು.

ಇದು ಹೊಟ್ಟೆಬಾಕತನ ಅಲ್ಲ

ಹಬ್ಬದ ದಿನ ಎರಡು ಒಬ್ಬಟ್ಟು ಹೆಚ್ಚು ತಿನ್ನೋದು ರೋಗವಲ್ಲ. ‘ಬಿಂಜ್ ಈಟಿಂಗ್ ಡಿಸಾರ್ಡರ್’ ಎಂಬ ಕಾಯಿಲೆಯೇ ಬೇರೆ. ಅದರಲ್ಲಿ ಸ್ವಲ್ಪ ಹೊತ್ತಿನಲ್ಲೇ ತುಂಬಾ ತಿನ್ನುತ್ತಾರೆ, ನಿಲ್ಲಿಸಬೇಕೆಂದರೂ ಆಗುವುದಿಲ್ಲ. ಹಸಿವಿಲ್ಲದಿದ್ದರೂ, ಹೊಟ್ಟೆ ನೋಯುವಷ್ಟು, ನಾಚಿಕೆಯಿಂದ ಒಬ್ಬರೇ ಕುಳಿತು ತಿನ್ನುವುದುಂಟು. ಆಮೇಲೆ ತಮ್ಮ ಮೇಲೆಯೇ ಅಸಹ್ಯ. ವಾರಕ್ಕೊಮ್ಮೆಯಾದರೂ ಹೀಗೆ 3 ತಿಂಗಳು ನಡೆದರೆ ವೈದ್ಯರು ಇದನ್ನು ಕಾಯಿಲೆ ಎಂದು ಗುರುತಿಸುತ್ತಾರೆ. 1959ರಲ್ಲಿ ಅಮೆರಿಕದ ವೈದ್ಯ ಆಲ್ಬರ್ಟ್ ಸ್ಟಂಕಾರ್ಡ್ ಇಂಥ ತಿನ್ನುವಿಕೆಯನ್ನು ವಿವರಿಸಿದರು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಇದಕ್ಕೆ ಪ್ರತ್ಯೇಕ ಕಾಯಿಲೆಯ ಸ್ಥಾನ ಕೊಟ್ಟಿದ್ದು 2013ರಲ್ಲಿ.

ಹಸಿವಿಗೂ ಇದಕ್ಕೂ ನಂಟೇನು?

ಜಠರದಿಂದ ಬರುವ ‘ಗ್ರೆಲಿನ್’ ಎಂಬ ಹಾರ್ಮೋನು ಮೆದುಳಿಗೆ ಹಸಿವಿನ ಸುದ್ದಿ ಮುಟ್ಟಿಸುತ್ತದೆ. ಕೊಬ್ಬಿನ ಕೋಶಗಳಿಂದ ಬರುವ ‘ಲೆಪ್ಟಿನ್’ ಸಾಕು ಅನ್ನುತ್ತದೆ. ತೂಕ ಇಳಿದಂತೆ ಗ್ರೆಲಿನ್ ಏರುತ್ತದೆ, ಲೆಪ್ಟಿನ್ ಇಳಿಯುತ್ತದೆ. ಅಂದ್ರೆ ದೇಹವೇ ‘ತಿನ್ನು’ ಎಂದು ಒತ್ತಾಯಿಸುತ್ತದೆ.

1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಅವರ ಯೋಚನೆಯೆಲ್ಲ ಊಟದ ಮೇಲೇ ನಿಂತಿತು. ಆಮೇಲೆ ಬೇಕಾದಷ್ಟು ಬಡಿಸಿದಾಗ ಕೆಲವರು ವಿಪರೀತ ತಿಂದರೂ ಹಸಿವು ತೀರಲಿಲ್ಲ. ಇದು ಮನಸ್ಸಿನ ದೌರ್ಬಲ್ಯವಲ್ಲ, ಕೊರತೆಗೆ ದೇಹ ಕೊಟ್ಟ ಉತ್ತರ.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 14–15 ವರ್ಷದ ಮಕ್ಕಳನ್ನು 3 ವರ್ಷ ಗಮನಿಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಕಠಿಣವಾಗಿ ಡಯಟ್ ಮಾಡಿದ ಹುಡುಗಿಯರಿಗೆ ಊಟದ ಕಾಯಿಲೆ ಬರುವ ಸಂಭವ, ಡಯಟ್ ಮಾಡದವರಿಗಿಂತ 18 ಪಟ್ಟು ಹೆಚ್ಚಿತ್ತು. ಅದು ನಮ್ಮ 9, 10ನೇ ತರಗತಿಯ ವಯಸ್ಸು.

ಉಪವಾಸ ಮಾಡಿದವರಿಗೆಲ್ಲ ಈ ಕಾಯಿಲೆ ಬರುತ್ತದೆ ಅಂತಲ್ಲ. ಆದರೆ ಆ ಪ್ರವೃತ್ತಿ ಇದ್ದವರಿಗೆ ಇದು ಸುಳಿಯಾಗಬಹುದು: ಉಪವಾಸ, ತಡೆಯಲಾಗದ ತಿನ್ನುವಿಕೆ, ಪಶ್ಚಾತ್ತಾಪ, ಮತ್ತೆ ಇನ್ನೂ ಕಠಿಣ ಉಪವಾಸ.

ಶಾಲೆಯ ಲೆಕ್ಕ

ಒಂದು ಸರಳ ಲೆಕ್ಕ ನೋಡಿ. ರಾತ್ರಿ 8ಕ್ಕೆ ಮುದ್ದೆ ಉಂಡ ಮಗು ಬೆಳಿಗ್ಗೆ ಏನೂ ತಿನ್ನದೆ ಬಂದು, ಮಧ್ಯಾಹ್ನ 12:30ಕ್ಕೆ ಬಿಸಿಯೂಟಕ್ಕೆ ಕೂತರೆ ನಡುವೆ ಹದಿನಾರೂವರೆ ಗಂಟೆ! ಅಪ್ಪ ಅಮ್ಮ ಬೆಳಗಾಗುವ ಮೊದಲೇ ಕಡಲೆಕಾಯಿ ಹೊಲಕ್ಕೆ ಹೋಗುವ ಮನೆಗಳಲ್ಲಿ ಇದು ಯಾರೂ ಹೆಸರಿಡದ ಉಪವಾಸ. ಹಾಗೆ ಬಂದ ಮಗು ಹೆಚ್ಚು ಬಡಿಸಿಕೊಂಡರೆ ಅದು ಹಸಿವೇ, ಕಾಯಿಲೆಯಲ್ಲ. ತಿಂಡಿ ಏಕೆ ತಿಂದಿಲ್ಲ ಅಂತ ಒಬ್ಬರೇ ಇದ್ದಾಗ ಮೆಲ್ಲಗೆ ಕೇಳಿ. ಮನೆಯಲ್ಲಿ ಇಲ್ಲವೋ, ಹೊತ್ತಿಲ್ಲವೋ, ದಪ್ಪ ಆಗ್ತೀನಿ ಅನ್ನೋ ಭಯವೋ? ಉತ್ತರ ಬೇರೆಯಾದರೆ ಪರಿಹಾರವೂ ಬೇರೆ.

ನಾವು ಮಾಡಬಹುದಾದದ್ದು

• ಎಲ್ಲರ ಮುಂದೆ ತೂಕ ಓದಿ ಹೇಳಬೇಡಿ. ‘ಡುಮ್ಮಿ’, ‘ಡುಮ್ಮ’ ಎಂಬ ತಮಾಷೆ ನಮ್ಮ ಬಾಯಲ್ಲೂ ಬೇಡ.
• ಬೆಳೆಯುವ ಮಕ್ಕಳಿಗೆ ಹೊತ್ತುಹೊತ್ತಿಗೆ ಊಟ ಬೇಕು. ಈ ಕಾಯಿಲೆಯ ಚಿಕಿತ್ಸೆಯಲ್ಲೂ ಮೊದಲ ಹೆಜ್ಜೆ ಇದೇ: ಮೂರು ಊಟ, ನಡುವೆ ಸಣ್ಣ ತಿಂಡಿ.
• ಬಿಸಿಯೂಟ ಪದೇ ಪದೇ ತಪ್ಪಿಸುವ, ಕದ್ದು ತಿನ್ನುವ, ತಿಂದು ಅಳುವ ಮಗುವನ್ನು ಬೈಯಬೇಡಿ. ಪೋಷಕರೊಂದಿಗೆ ಮಾತಾಡಿ, ವೈದ್ಯರಿಗೆ ತೋರಿಸಲು ಹೇಳಿ. ಸರ್ಕಾರದ ಉಚಿತ ‘ಟೆಲಿ ಮಾನಸ್’ ಸಹಾಯವಾಣಿ 14416.

ದೊಡ್ಡವರಿಗೂ ಒಂದು ಮಾತು: ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇಂಥ ಉಪವಾಸಕ್ಕೆ ಇಳಿಯಬಾರದು. ಇನ್ನು ನಾವು ತೂಕ ಇಳಿಸಿದ ಕಥೆ ಸ್ಟಾಫ್ ರೂಮಿನಲ್ಲೇ ಇರಲಿ, ತರಗತಿಗೆ ಬೇಡ.